ಸಹಿ ಹಾಕಿದ ಮುಖ

ಪ್ವೆಬ್ಲಾ ಊರಿನ ಅನ್ಸೆಲ್ಮೋ ತನ್ನನ್ನು ತಾನು ಛಾಯಾಗ್ರಾಹಕ ಎಂದು ಕರೆದುಕೊಳ್ಳತೊಡಗಿ ಎಂಟು ತಿಂಗಳಾಗಿತ್ತು. ಬೇರೆ ಯಾರೂ ಹಾಗೆ ಕರೆದಿರಲಿಲ್ಲ. ಫೋಟೋ ಮಾರುವ ವೆಬ್‌ಸೈಟಿನವರಂತೂ ಅವನು ಕಳಿಸಿದ್ದನ್ನೆಲ್ಲ ಸಕಾರಣವಾಗಿ ಹಿಂದಕ್ಕಟ್ಟುತ್ತಿದ್ದರು. ಮೊದಲು ‘ಬೆಳಕು ಸಾಲದು, ಕಾಳುಕಾಳಾಗಿದೆ’ ಎಂದರು. ಮನೆಯ ದೀಪಗಳೆಲ್ಲ ಊಟದ ಮೇಜಿನ ಮೇಲೆ ಬಂದವು (ಬಚ್ಚಲಿಗೆ ಮೇಣದಬತ್ತಿ ಹೋಯಿತು). ‘ಅಲುಗಿದೆ’ ಎಂದರು. ಮುಕ್ಕಾಲಿ ಬಂತು. ‘ಕಂಪನಿಗಳ ಹೆಸರು ಕಾಣುತ್ತಿದೆ’ ಎಂದರು. ಅನ್ಸೆಲ್ಮೋ ಒಂದೇ ಮಧ್ಯಾಹ್ನದಲ್ಲಿ ಅಡುಗೆಮನೆಯ ಡಬ್ಬಿಗಳ ಲೇಬಲ್‌ಗಳನ್ನೆಲ್ಲ ಕಿತ್ತು ಹಾಕಿದ. ಆ ವಾರ ಹೆಂಡತಿ ಕೂಕಾ ಬೀನ್ಸ್ ಎಂದು ತೆರೆದ ಡಬ್ಬಿಗಳಲ್ಲೆಲ್ಲ ಪೀಚ್ ಹಣ್ಣೇ ಇತ್ತು.

"ರೀ, ಇದೇ ಕೊನೆ," ಎಂದಳು ಕೂಕಾ. "ಅಮ್ಮನ ಎಪ್ಪತ್ತನೇ ಹುಟ್ಟುಹಬ್ಬದ ಫೋಟೋನೂ ವಾಪಸ್ ಬಂತೋ, ಕ್ಯಾಮೆರಾ ನನ್ನ ತಮ್ಮಂಗೆ. ಅವನಾದ್ರೂ ಮನುಷ್ಯರ ತಲೆ ಕತ್ತರಿಸದೆ ಫೋಟೋ ಹೊಡೀತಾನೆ."

ಭಾವಮೈದುನನ ಕೈಯಲ್ಲಿ ತನ್ನ ಕ್ಯಾಮೆರಾ! ಅನ್ಸೆಲ್ಮೋನಿಗೆ ಎರಡು ದಿನ ಟೋರ್ತಿಯಾ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಹುಟ್ಟುಹಬ್ಬದ ದಿನ ಮಾತ್ರ ಅವನ ಸಿದ್ಧತೆ ಯುದ್ಧಭೂಮಿಯ ಸೇನಾಪತಿಯದು. ಬೆಳಕು ಚೆಲ್ಲಲು ಇಬ್ಬರು ಚಿಕ್ಕಮ್ಮಂದಿರು ಬಿಳಿ ಹಾಸಿಗೆ ಹೊದಿಕೆ ಹಿಡಿದು ನಿಂತರು. ದೀಪಗಳ ಕಾವಿಗೆ ಕೇಕಿನ ಕ್ರೀಮು ಬೆವರತೊಡಗಿತು. ಅಲ್ಲಿನ ಪದ್ಧತಿಯಂತೆ ಹುಟ್ಟುಹಬ್ಬದವರು ಕೈ ಹಿಂದೆ ಕಟ್ಟಿ ಕೇಕಿಗೆ ಬಾಯಿ ಹಾಕಬೇಕು, ಹಿಂದಿದ್ದವರು ತಲೆ ಒತ್ತಿ ಮುಖವನ್ನು ಕ್ರೀಮಿನಲ್ಲಿ ಅದ್ದಬೇಕು. ಆ ಒಂದು ಕ್ಷಣ ಸಿಕ್ಕರೆ ಸಾಕು, ವೆಬ್‌ಸೈಟು ಶರಣಾಗುತ್ತದೆ ಎಂದು ಅವನು ನಂಬಿದ್ದ.

"ಮೊರ್ದಿದಾ! ಮೊರ್ದಿದಾ!" ಎಂದು ನೆಂಟರೆಲ್ಲ, ಕೇಕು ಕಚ್ಚಲು ಹುರಿದುಂಬಿಸುತ್ತ, ಚಪ್ಪಾಳೆ ತಟ್ಟಿದರು. ಅತ್ತೆ ದೋನ್ಯಾ ಎದುವೀಹೆಸ್ ಬಗ್ಗುವಷ್ಟರಲ್ಲಿ ಅನ್ಸೆಲ್ಮೋ ಕಾಗದ, ಪೆನ್ನು ಹಿಡಿದು ಓಡಿಬಂದ.

"ತಡೀರಿ! ಅತ್ತೆ, ಮೊದ್ಲು ಇಲ್ಲೊಂದು ಸಹಿ."

"ಏನಪ್ಪಾ ಅದು, ಮನೆ ಬರೆಸ್ಕೊಳ್ತಿದೀಯಾ?"

"ಅಯ್ಯೋ, ಮನೆ ಅಲ್ಲ, ಮುಖ. ಈ ಮುಖನ ಯಾರು ಬೇಕಾದ್ರೂ, ಯಾವುದಕ್ಕೆ ಬೇಕಾದ್ರೂ ಬಳಸ್ಕೋಬಹುದು ಅಂತ. ವೆಬ್‌ಸೈಟಿನವ್ರು ಕೇಳ್ತಾರೆ, ಸುಮ್ನೆ ಶಾಸ್ತ್ರಕ್ಕೆ."

"ಯಾವುದಕ್ಕೆ ಬೇಕಾದ್ರೂನಾ? ಎಪ್ಪತ್ತು ವರ್ಷ ಕಾಪಾಡ್ಕೊಂಡು ಬಂದಿರೋ ಮುಖ ಕಣೋ ಇದು! ಯಾಕೆ, ನಿನ್ನ ಮುಖಕ್ಕೇನಾಗಿದೆ? ನೀನೇ ಸಹಿ ಹಾಕು, ನೀನೇ ಕಚ್ಚು."

ಬೇರೆ ದಾರಿಯಿರಲಿಲ್ಲ. ಅನ್ಸೆಲ್ಮೋ ಸಹಿ ಹಾಕಿದ. ಕ್ಯಾಮೆರಾ ಹೊಂದಿಸಿ, ಗುಂಡಿಯನ್ನು ಕೂಕಾಳಿಗೆ ಒಪ್ಪಿಸಿ, ಕೇಕಿನ ಮುಂದೆ ಬಗ್ಗಿದ. ಬೆನ್ನ ಹಿಂದೆ ಮೂವರು ಭಾವಮೈದುನರು ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದರು. ಅವರ ಪರಿಚಯ ಚೆನ್ನಾಗಿದ್ದುದರಿಂದ ಅವನು ಕಣ್ಣು ಬಿಗಿದು, ಹಲ್ಲು ಕಚ್ಚಿ, ಉಸಿರು ಹಿಡಿದ. ಕೂಕಾ ಗುಂಡಿ ಒತ್ತಿದ್ದು ಆಗ, ಮುಖ ಕ್ರೀಮಿಗೆ ಬೀಳುವ ಮೊದಲೇ.

"ಇಷ್ಟು ಬೇಗ ಯಾಕೆ ಒತ್ತಿದೆ?" ಎಂದು ಕಿವಿಯ ಕ್ರೀಮು ತೆಗೆಯುತ್ತ ಅವನು ಆಮೇಲೆ ರೇಗಿದ.

"ನಿಮ್ಮ ಮುಖ ನೋಡಿದ್ರೆ ಆಗ್ಹೋಯ್ತು ಅನ್ನಿಸ್ತು."

ಇದ್ದದ್ದು ಅದೊಂದೇ ಫೋಟೋ. ಕಳಿಸಿದ. ನಾಲ್ಕನೆಯ ದಿನ ಉತ್ತರ ಬಂತು: ಸ್ವೀಕೃತ! ಅನ್ಸೆಲ್ಮೋನ ಕಣ್ಣಲ್ಲಿ ನಿಜಕ್ಕೂ ನೀರು ಬಂತು. ಸಂಜೆಯೊಳಗೆ ಬ್ರೆಡ್ಡಿನ ಅಂಗಡಿಗೂ ಕ್ಷೌರದಂಗಡಿಗೂ ಚರ್ಚಿನ ಗಂಟೆ ಹೊಡೆಯುವವನಿಗೂ ಸುದ್ದಿ ಮುಟ್ಟಿಸಿ ಬಂದ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕೂಕಾ ಮಾರುಕಟ್ಟೆಯಿಂದ ಬರಿಗೈಯಲ್ಲಿ ಓಡಿಬಂದು, ಗಂಡನ ತೋಳು ಹಿಡಿದು ಮೂಲೆಯ ಔಷಧದಂಗಡಿಗೆ ಎಳೆದೊಯ್ದಳು. ಗಾಜಿನ ಮೇಲೆ ಬಾಗಿಲೆತ್ತರಕ್ಕೆ ಅನ್ಸೆಲ್ಮೋನ ಮುಖ. ಕಣ್ಣು ಬಿಗಿದು, ಹಲ್ಲು ಕಚ್ಚಿ, ಉಸಿರು ಹಿಡಿದ ಮುಖ. ಕೇಕನ್ನು ಕತ್ತರಿಸಿ ತೆಗೆದಿದ್ದರು. ಕೆಳಗೆ ಕೆಂಪಕ್ಷರ: ‘ಮೂರು ದಿನದಿಂದ ಹೊರಕಡೆ ಆಗಿಲ್ಲವೇ? ಇಂದೇ ಒಂದು ಚಮಚ ಕುಡಿಯಿರಿ.’

"ನನ್ನ ಕೇಳದೆ ಹೆಂಗೆ ಹಾಕಿದ್ರು ಇವರು?" ಎಂದು ಅನ್ಸೆಲ್ಮೋ ತೊದಲಿದ.

"ಕೇಳಿದ್ರಲ್ಲ. ಸಹಿ ಹಾಕಿದ್ದು ಯಾರು?" ಕೂಕಾ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಪರೀಕ್ಷಿಸಿದಳು. "ಆದ್ರೂ ಒಪ್ಪಬೇಕು ರೀ, ಒಂಚೂರೂ ಅಲುಗಿಲ್ಲ. ಹಣೆಯ ನರ ಒಂದೊಂದೇ ಎಣಿಸ್ಬಹುದು."

ಅನ್ಸೆಲ್ಮೋ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಮನೆಯತ್ತ ತಿರುಗಿದ. ಎದುರಿನ ಹಣ್ಣು ಮಾರುವ ಮುದುಕಿ ಒಮ್ಮೆ ಗಾಜನ್ನು, ಒಮ್ಮೆ ಅವನನ್ನು ನೋಡಿದಳು. ಎದ್ದು ಬಂದು, ಚೆನ್ನಾಗಿ ಕಳಿತ ಒಂದು ಪಪ್ಪಾಯಿಯನ್ನು ಅವನ ಕೈಯಲ್ಲಿಟ್ಟಳು.