ಕಲಮಯ್ಯನ ಪರೀಕ್ಷಾ ಕರಾರು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಕಂಪ್ಯೂಟರ್ ಪರದೆಯ ಮೇಲಿದ್ದ ಒಂದು ಖಾಲಿ ಚೌಕ. ಅದರ ಪಕ್ಕದಲ್ಲಿ ‘ಗುತ್ತಿಗೆದಾರರ ಹೆಸರು’ ಎಂದು ಬರೆದಿತ್ತು. ಒಳಗೆ ಏನಾದರೊಂದು ತುಂಬುವವರೆಗೂ ಮುಂದಕ್ಕೆ ಬಿಡುವುದಿಲ್ಲವೆಂದು ಅದು ಹಟ ಹಿಡಿದು ಕೂತಿತ್ತು.

ಪರದೆಯ ಎದುರಿಗಿದ್ದವನು ಕರಾರು ವಿಭಾಗದ ಹಿರಿಯ ಗುಮಾಸ್ತ. ಹೆತ್ತವರು ಇಟ್ಟ ಹೆಸರು ಬೇರೆ ಇದ್ದರೂ ಆಫೀಸಿನವರಿಗೆಲ್ಲ ಅವನು ಕಲಮಯ್ಯ. ಕರಾರುಗಳ ಕಲಮುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಕಿಟಕಿ ತೆಗೆಯಲೇ ಎಂದು ಯಾರಾದರೂ ಕೇಳಿದರೂ ಯಾವ ಕಲಮಿನ ಪ್ರಕಾರ ಎನ್ನುವ ಆಸಾಮಿ.

ಆ ಕಂಪನಿಯಲ್ಲಿ ಕರಾರು ಹುಟ್ಟುವುದು ಮೂರನೇ ಮಹಡಿಯಲ್ಲಿ, ದುಡ್ಡು ಇರುವುದು ಒಂದನೇ ಮಹಡಿಯ ಲೆಕ್ಕದ ವಿಭಾಗದಲ್ಲಿ. ನಡುವಿನ ಮೆಟ್ಟಿಲಿಳಿಯಲು ಕಡತಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಗೋಡೆಗೆ ಬಣ್ಣ ಹೊಡೆದವನಿಗೆ ಹಣ ಸಿಗುವ ಹೊತ್ತಿಗೆ ಬಣ್ಣವೇ ಉದುರಿರುತ್ತಿತ್ತು. ಬೇಸತ್ತ ಮಾಲೀಕರು, ಕರಾರಿನ ಸಾಫ್ಟ್‌ವೇರನ್ನೂ ಲೆಕ್ಕದ ಸಾಫ್ಟ್‌ವೇರನ್ನೂ ಜೋಡಿಸಿಬಿಡಿ ಎಂದು ಅಪ್ಪಣೆ ಕೊಟ್ಟಿದ್ದರು. ಮೇಲೆ ಗುಂಡಿ ಒತ್ತಿದ ಕೂಡಲೇ ಕರಾರು ಕೆಳಗಿಳಿದು ತನ್ನ ಬಾಬ್ತಿನ, ಎಂದರೆ ಆ ಖರ್ಚಿಗೆಂದೇ ತೆಗೆದಿಟ್ಟ, ಹಣಕ್ಕೆ ಅಂಟಿಕೊಳ್ಳಬೇಕು, ನಡುವೆ ಮನುಷ್ಯರ ಕೈ ಸೋಕಬಾರದು. ಆ ಮಧ್ಯಾಹ್ನ ಅದನ್ನು ನೋಡಲು ಅವರೇ ಬರುವವರಿದ್ದರು.

"ಇದೊಂದು ಸುಸೂತ್ರವಾಗಿ ನಡೆದ್ರೆ ಆ ಗಾಜಿನ ಕೋಣೆ ನಿಮ್ಮದೇ ಅಂದ್ಕೊಳ್ಳಿ" ಎಂದು ಮ್ಯಾನೇಜರು ಬೆಳಗ್ಗೆಯೇ ಬೆನ್ನು ತಟ್ಟಿದ್ದರು.

ಗಾಜಿನ ಕೋಣೆಯೆಂದರೆ ಕರಾರು ವಿಭಾಗದ ಮುಖ್ಯಸ್ಥರ ಕೋಣೆ. ಹಿಂದಿನವರು ನಿವೃತ್ತರಾದ ಮೇಲೆ ಖಾಲಿ ಬಿದ್ದಿತ್ತು. ಅದರೊಳಗಿನ ತಿರುಗುವ ಕುರ್ಚಿಯನ್ನು ಹಾದುಹೋಗುವಾಗೆಲ್ಲ ನೋಡಿ ನೋಡಿ ಕಲಮಯ್ಯನಿಗೆ ಕತ್ತು ಅತ್ತ ಕಡೆಗೇ ವಾಲಿತ್ತು. ಬದುಕಿನಲ್ಲಿ ಅವನಿಗೆ ಬೇರೆ ಆಸೆಯಿರಲಿಲ್ಲ.

"ಟೆಸ್ಟಿಗೆ ಸುಮ್ನೆ ಒಂದು ಸುಳ್ಳು ಕರಾರು ಹಾಕಿ ಸರ್" ಎಂದಿದ್ದ ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರು. "ಹೆಸರು, ಫೋನ್ ನಂಬರು, ಏನು ಕೆಲಸ, ಯಾವ ಬಾಬ್ತು, ಎಲ್ಲಾ ಚೌಕ ತುಂಬಿ ಕಳಿಸಿ. ನಾನು ಕೆಳಗಡೆ ನೋಡ್ತಿರ್ತೀನಿ."

ಸುಳ್ಳು ಹೆಸರು ಬೇಕೆಂದಾಗ ಕಲಮಯ್ಯನ ತಲೆ ಖಾಲಿಯಾಯಿತು. ತಲೆಯೊಳಗೆ ಉಳಿದಿದ್ದದ್ದು ಅತ್ತೆಯ ದನಿಯೊಂದೇ. ಹೆಂಡತಿಯ ತಾಯಿ, ಶಾಲೆಯೊಂದರ ನಿವೃತ್ತ ಹೆಡ್‌ಮೇಡಂ, ಈಗ ಇವನ ಮನೆಯಲ್ಲೇ ಇದ್ದರು. ಅವತ್ತು ಹಲ್ಲುಜ್ಜುವಲ್ಲಿಂದ ಹಿಡಿದು ಬಸ್ಸಿನಲ್ಲಿ ಯಾವ ಕಡೆ ಕೂತರೆ ಬಿಸಿಲು ಬೀಳುವುದಿಲ್ಲ ಎನ್ನುವವರೆಗೆ ಅವನಿಗೆ ಬುದ್ಧಿ ಹೇಳಿ ಕಳಿಸಿದ್ದರು. ಕಲಮಯ್ಯ ಅತ್ತಿತ್ತ ನೋಡಿ, ಚೌಕದಲ್ಲಿ ಅತ್ತೆಯ ಹೆಸರನ್ನೇ ಹಾಕಿದ. ನಂಬರು ನೆನಪಿತ್ತು. ಎಲ್ಲಾದರೂ ದಾರಿ ತಪ್ಪಿದರೆ ಬೇಕಾಗುತ್ತದೆಂದು ಅವರೇ ಬಾಯಿಪಾಠ ಮಾಡಿಸಿದ್ದರು.

ಆಮೇಲೆ ಕೈ ನಿಲ್ಲಲಿಲ್ಲ. ‘ಕೆಲಸ: ಸಲಹೆ ನೀಡುವುದು. ಪ್ರಮಾಣ: ಮಿತಿಯಿಲ್ಲ. ಅವಧಿ: ಒಂದು ವರ್ಷ. ಷರತ್ತು: ಯಾರೂ ಕೇಳದಿದ್ದರೂ ಸಲಹೆ ನೀಡತಕ್ಕದ್ದು.’ ಟೈಪ್ ಮಾಡುತ್ತ ಮಾಡುತ್ತ ಅವನಿಗೆ ಎಷ್ಟೋ ದಿನದ ಹೊಟ್ಟೆಯುರಿ ತಣ್ಣಗಾಯಿತು. ಉಳಿದ ಚೌಕಗಳನ್ನೂ ಕೈಗೆ ಬಂದಂತೆ ತುಂಬಿ, ನಗುತ್ತ ಗುಂಡಿ ಒತ್ತಿದ.

"ಬಂತು ಸರ್!" ಕೆಳಗಿನಿಂದ ಇಂಜಿನಿಯರು ಫೋನಿನಲ್ಲಿ ಕೂಗಿದ. "ಕಣ್ಣು ಮಿಟುಕಿಸೋದ್ರೊಳಗೆ ಬಂತು!"

ಕಲಮಯ್ಯ ಮೈಮುರಿದು ಗಾಜಿನ ಕೋಣೆಯ ಕಡೆ ನೋಡಿದ. ಅಷ್ಟರಲ್ಲಿ ಮತ್ತೆ ಫೋನು. ಈ ಸಲ ಹೆಂಡತಿ.

"ರೀ, ಅಮ್ಮನಿಗೆ ನಿಮ್ಮ ಆಫೀಸಿಂದ ಮೆಸೇಜ್ ಬಂದಿದೆ! ಸಲಹೆಗಾರರಾಗಿ ನೇಮಿಸಿದ್ದೇವೆ, ಇವತ್ತೇ ಬಂದು ಸೇರ್ಕೊಳ್ಳಿ ಅಂತ. ಇದೆಲ್ಲ ನೀವೇ ಮಾಡಿದ್ದು ತಾನೆ? ಸ್ಕೂಲ್ ಬಿಟ್ಟಮೇಲೆ ಅಮ್ಮ ಹೀಗೆ ನಕ್ಕಿದ್ದೇ ನಾನು ನೋಡಿರ್ಲಿಲ್ಲ ಕಣ್ರೀ. ಆಗ್ಲೇ ಆಟೋ ಹತ್ತಿ ಹೊರಟೂ ಬಿಟ್ರು."

ಕಲಮಯ್ಯ ಒಂದೇ ಉಸಿರಿಗೆ ಒಂದನೇ ಮಹಡಿಗಿಳಿದು ಇಂಜಿನಿಯರನ ಕಾಲರ್ ಹಿಡಿದ. "ಏನ್ರೀ, ಟೆಸ್ಟ್ ಅಂದ್ರಿ, ನಿಜವಾಗ್ಲೂ ಮೆಸೇಜ್ ಹೋಗಿದೆ!"

"ಹೌದಲ್ಲ ಸರ್. ಮಾಲೀಕರು ಬರ್ತಾರೆ ಅಂತ ಮ್ಯಾನೇಜರ್ ಸರ್ ಅವಸರ ಮಾಡಿದ್ರು. ಅದಕ್ಕೆ ಟೆಸ್ಟ್ ಸಿಸ್ಟಂ ಬಿಟ್ಟು ನೇರವಾಗಿ ಅಸಲಿಗೇ ಜೋಡಿಸ್ಬಿಟ್ಟೆ. ನಿಮಗೆ ಹೇಳ್ಲಿಲ್ವಾ?"

"ಹಾಗಾದ್ರೆ ರದ್ದು ಮಾಡಿ!"

"ನನ್ನ ಕೈಲಿಲ್ಲ ಸರ್. ಲೆಕ್ಕದ ಮೇಡಂ ಒಪ್ಪಬೇಕು."

ಲೆಕ್ಕದ ಮೇಡಂ ಆ ವಿಭಾಗದ ಮುಖ್ಯಸ್ಥೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅವನ ಗೋಳನ್ನು ಪೂರ್ತಿ ಕೇಳಿದರು. "ರದ್ದು ಮಾಡ್ತೀನಿ, ಅದಕ್ಕೇನಂತೆ. ಕಾರಣ ಏನಂತ ಬರೀಲಿ?"

"ತಪ್ಪಾಗಿ ಹೋಗಿದೆ ಅಂತ ಬರೀರಿ."

"ಹಾಗೆ ಬರೆದ್ರೆ ಮೊದಲನೇ ಕರಾರೇ ತಪ್ಪು ಅಂತ ಮಾಲೀಕರಿಗೆ ತಾನಾಗೇ ವರದಿ ಹೋಗುತ್ತೆ. ಜೋಡಣೆಯಲ್ಲಿ ಅದೂ ಒಂದಿದೆ. ಪರವಾಗಿಲ್ವಾ?"

ಗಾಜಿನ ಕೋಣೆ ಕಲಮಯ್ಯನ ಕಣ್ಣೆದುರಿಗೇ ಪುಡಿಪುಡಿಯಾಯಿತು. "ಬೇಡ ಬೇಡ, ಇರಲಿ ಬಿಡಿ" ಎಂದು, ಅತ್ತೆಯನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸುವ ಯೋಚನೆಯಿಂದ ಗೇಟಿಗೆ ಓಡಿದ.

ಅವನು ಹೋಗುವಷ್ಟರಲ್ಲಿ ತಡವಾಗಿತ್ತು. ಹೊಸ ವ್ಯವಸ್ಥೆಯ ಪ್ರಕಾರ ಗೇಟಿನಲ್ಲಿ ಆಗಲೇ ಪಾಸು ಮುದ್ರಣವಾಗಿ, ಅದು ಅತ್ತೆಯ ಕೊರಳಲ್ಲಿ ನೇತಾಡುತ್ತಿತ್ತು. ಕಾವಲುಗಾರ ತನ್ನ ಸ್ಟೂಲನ್ನು ಬಿಸಿಲಿನಿಂದ ನೆರಳಿಗೆ ಎಳೆದುಕೊಳ್ಳುತ್ತಿದ್ದ. "ಇಷ್ಟು ವರ್ಷ ಇದು ನನಗೇ ಹೊಳೀಲಿಲ್ಲ ನೋಡಿ ಸಾರ್" ಎಂದ.

"ಅತ್ತೆ..." ಎಂದು ಕಲಮಯ್ಯ ಹತ್ತಿರ ಹೋದ.

"ಯಾರ್ರೀ ನಿಮ್ಮತ್ತೆ?" ಎಂದರು ಅವರು ಗಂಭೀರವಾಗಿ. ಆಮೇಲೆ ದನಿ ತಗ್ಗಿಸಿ, "ಅಳಿಯಂದ್ರೇ, ಸಂಬಂಧ ಎಲ್ಲಾ ಮನೇಲಿ. ನನ್ನ ಮಗಳು ನನ್ನ ಕ್ಲಾಸಲ್ಲೇ ಇದ್ದಾಗಲೂ ನಾನು ಅವಳನ್ನ ಗುರುತು ಹಿಡೀತಿರ್ಲಿಲ್ಲ" ಎಂದು ಮುಂದೆ ನಡೆದರು.

ಆಮೇಲಿನದನ್ನು ನೆನೆದರೆ ಕಲಮಯ್ಯನಿಗೆ ಈಗಲೂ ಬೆವರು ಬರುತ್ತದೆ. ಅತ್ತೆ ಮಹಡಿಯಿಂದ ಮಹಡಿಗೆ ಇನ್‌ಸ್ಪೆಕ್ಷನ್ನಿಗೆ ಬಂದವರಂತೆ ಓಡಾಡಿದರು. ಲೆಕ್ಕದ ಮೇಡಂಗೆ ಕನ್ನಡಕ ಮೇಲೇರಿಸಿ ಕತ್ತು ಎತ್ತಿ ಕೂರಲು ಹೇಳಿದರು. ಇಂಜಿನಿಯರನಿಗೆ, ಫೋನಿನಲ್ಲಿ ಮಾತಾಡುವಾಗ ಕಿರುಚಬೇಡ, ಮೆಲ್ಲಗೆ ಹೇಳಿದರೂ ಆ ಕಡೆಗೆ ಕೇಳಿಸುತ್ತದೆ ಎಂದರು. ಮ್ಯಾನೇಜರ ಮೇಜಿನ ಮೇಲಿದ್ದ ಖಾಲಿ ಟೀ ಲೋಟಗಳನ್ನು ನೋಡಿ, "ಈ ವಯಸ್ಸಿಗೆ ಇಷ್ಟು ಟೀ ಕುಡಿದ್ರೆ ನಿದ್ದೆ ಎಲ್ಲಿಂದ ಬರ್ಬೇಕು?" ಎಂದು ಗದರಿದರು. ಮ್ಯಾನೇಜರು ಎದ್ದು ನಿಂತು ಕೈಕಟ್ಟಿಕೊಂಡರು. ಕಲಮಯ್ಯ ಅತ್ತೆಯ ಹಿಂದೆಯೇ ಕ್ಷಮೆ ಕೇಳುವ ಮುಖ ಹೊತ್ತು ಸುತ್ತಿದ.

ಅಷ್ಟೊತ್ತಿಗೆ ಮಾಲೀಕರು ಸೊಂಟ ಹಿಡಿದುಕೊಂಡು ಲೆಕ್ಕದ ವಿಭಾಗಕ್ಕೆ ಬಂದರು. ಕುರ್ಚಿಯಲ್ಲಿ ಓರೆಯಾಗಿ ಕೂತು, "ಎಲ್ಲಿ, ತೋರ್ಸಿ" ಎಂದರು. ಇಂಜಿನಿಯರು ಪರದೆಯ ಮೇಲೆ ಅವತ್ತಿನ ಒಂದೇ ಒಂದು ಕರಾರನ್ನು ತೋರಿಸಿದ. ಮಾಲೀಕರು ಷರತ್ತು ಓದಿ ಹುಬ್ಬೇರಿಸಿದರು. ಮುಗಿಯಿತು ತನ್ನ ಕತೆ ಎಂದುಕೊಂಡು ಕಲಮಯ್ಯ ಕಣ್ಣು ಮುಚ್ಚಿದ.

"ರೀ, ಮೊದಲು ನೆಟ್ಟಗೆ ಕೂತ್ಕೊಳ್ಳಿ" ಎಂಬ ದನಿ ಕೇಳಿ ಮತ್ತೆ ಕಣ್ಣು ಬಿಟ್ಟ. ಅತ್ತೆ ಮಾಲೀಕರ ಎದುರು ನಿಂತಿದ್ದರು. "ಅಷ್ಟು ದಪ್ಪ ಪರ್ಸನ್ನ ಹಿಂದಿನ ಜೇಬಲ್ಲಿಟ್ಟು ಅದರ ಮೇಲೆ ಕೂತ್ರೆ ಸೊಂಟ ನೋಯದೆ ಇನ್ನೇನಾಗುತ್ತೆ? ತೆಗೀರಿ ಈಚೆಗೆ."

ಮಾಲೀಕರು ತರಗತಿಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ಪರ್ಸು ತೆಗೆದು ಮೇಜಿನ ಮೇಲಿಟ್ಟರು. ಅತ್ತ ಇತ್ತ ಹೊರಳಿ ನೋಡಿದರು. ಅವರ ಮುಖ ಅರಳಿತು.

"ಅಬ್ಬಾ! ಎಷ್ಟು ಡಾಕ್ಟರಿಗೆ ತೋರಿಸಿದ್ದೆ ಮಾರಾಯ್ರೇ! ಬೆಳಗ್ಗೆ ಕರಾರು, ಮಧ್ಯಾಹ್ನಕ್ಕೆ ಕೆಲಸ ಶುರು. ಜೋಡಣೆ ಅಂದ್ರೆ ಇದು! ಇವರನ್ನ ಆರಿಸಿದ್ದು ಯಾರು?"

"ನಮ್ಮ ಕಲಮಯ್ಯನೋರು ಸರ್" ಎಂದರು ಮ್ಯಾನೇಜರು. ಮಾಲೀಕರು ಬಂದು ಅವನ ಕೈ ಕುಲುಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಲಮಯ್ಯನಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಅತ್ತೆಯ ಮೇಲೆ ಮೊದಲ ಬಾರಿಗೆ ಅವನಿಗೆ ಮಮತೆ ಉಕ್ಕಿತು.

ಮಾಲೀಕರು ಅತ್ತೆಯೊಡನೆ ಬಹಳ ಹೊತ್ತು ಮಾತಾಡಿ ಹೋದ ಮೇಲೆ, ಅವನು ಮ್ಯಾನೇಜರ ಬಳಿ ನಿಂತು ಹಲ್ಲು ಬಿಟ್ಟ. "ಸರ್, ಆ ಗಾಜಿನ ಕೋಣೆ..."

"ಅದು ತುಂಬಿ ಹೋಯ್ತಲ್ಲ ಕಣ್ರೀ" ಎಂದರು ಮ್ಯಾನೇಜರು ಆಶ್ಚರ್ಯದಿಂದ. "ನೀವೇ ತಾನೆ ತುಂಬಿಸಿದ್ದು?"

ಲೆಕ್ಕದ ಮೇಡಂ ಪರದೆಯನ್ನು ಅವನ ಕಡೆ ತಿರುಗಿಸಿದರು. ಬಾಬ್ತು ಎಂಬ ಚೌಕದಲ್ಲಿದ್ದ ಸಂಖ್ಯೆಯನ್ನು ಕಲಮಯ್ಯ ಕತ್ತಲಲ್ಲೂ ಗುರುತಿಸಬಲ್ಲವನಾಗಿದ್ದ. ಅದು ಕರಾರು ವಿಭಾಗದ ಮುಖ್ಯಸ್ಥರ ಸಂಬಳದ ಬಾಬ್ತು. ಕಂಪನಿಯಲ್ಲಿ ನೂರಾರು ಬಾಬ್ತುಗಳಿದ್ದರೂ ತಿಂಗಳುಗಳಿಂದ ಆಸೆಯಿಂದ ದಿನಾ ತೆಗೆದು ನೋಡಿ ಅವನಿಗೆ ಮನಸ್ಸಿನಲ್ಲಿ ಉಳಿದಿದ್ದದ್ದು ಅದೊಂದೇ. ಬೆಳಗ್ಗೆ ಕೈಗೆ ಬಂದಂತೆ ಒತ್ತುವಾಗ ಕೈಗೆ ಬಂದದ್ದೂ ಅದೇ.

"ಇಡೀ ವರ್ಷದ ಹಣ ಆ ಕರಾರಿಗೇ ಅಂಟಿಕೊಂಡಿದೆ" ಎಂದರು ಮೇಡಂ, ಕತ್ತು ಎತ್ತಿ ನೆಟ್ಟಗೆ ಕೂತು. "ಒಂದೇ ಸಂಬಳಕ್ಕೆ ಇಬ್ಬರು ಬೇಡ, ವಿಭಾಗಾನೂ ಅವರೇ ನೋಡ್ಕೊಳ್ಳಲಿ ಅಂದ್ರು ಮಾಲೀಕರು."

ಕಲಮಯ್ಯ ಕಾಲೆಳೆದುಕೊಂಡು ಮೂರನೇ ಮಹಡಿಗೆ ಹತ್ತಿದ. ಗಾಜಿನ ಕೋಣೆಯಲ್ಲಿ ಅತ್ತೆ ತಿರುಗುವ ಕುರ್ಚಿಯಲ್ಲಿ ಒಂಚೂರೂ ತಿರುಗದೆ ಕೂತಿದ್ದರು. ಅವನನ್ನು ನೋಡಿ ಸನ್ನೆ ಮಾಡಿ ಒಳಗೆ ಕರೆದು, ಬಾಗಿಲು ಹಾಕಿಸಿದರು. ಅವರ ಮುಖ ಮೆತ್ತಗಾಗಿತ್ತು.

"ಈ ಕೋಣೆ ಮೇಲೆ ನೀವು ಕಣ್ಣಿಟ್ಟಿದ್ರಿ ಅಂತ ಈಗ ತಿಳೀತು ಅಳಿಯಂದ್ರೇ. ಬೇಜಾರು ಮಾಡ್ಕೋಬೇಡಿ, ಒಂದು ವರ್ಷದ ಮಾತು ತಾನೆ? ಆಮೇಲೆ ಈ ಕುರ್ಚಿಗೆ ಯಾರನ್ನ ಕೂರಿಸ್ಬೇಕು ಅಂತ ಮಾಲೀಕರು ನನ್ನೇ ಸಲಹೆ ಕೇಳಿದ್ರು."

ಕಲಮಯ್ಯನಿಗೆ ಹೋದ ಜೀವ ಬಂದಂತಾಯಿತು. "ಹೌದಾ ಅತ್ತೆ? ಏನು ಹೇಳಿದ್ರಿ?"

"ಯಾರನ್ನ ಬೇಕಾದ್ರೂ ಕೂರಿಸಿ, ನನ್ನ ಸಂಬಂಧಿಕರು ಮಾತ್ರ ಬೇಡವೇ ಬೇಡ ಅಂತ ಬರೆದು ಕೊಟ್ಟಿದ್ದೀನಿ" ಎಂದರು ಅತ್ತೆ. "ಹೋಗ್ತಾ ಬಾಗಿಲು ಎಳ್ಕೊಂಡು ಹೋಗಿ."