ಗ್ಯಾರೇಜಿನ ಬಾಣಂತನ

ಉಷ್ಣವು ವಹನ, ಸಂವಹನ, ವಿಕಿರಣ ಎಂಬ ಮೂರು ದಾರಿಗಳಿಂದ ಹರಿಯುತ್ತದೆ ಎಂದು ಬೆಳಗಾವಿಯ ಅರ್ಧ ಊರಿಗೆ ಬಾಯಿಪಾಠ ಮಾಡಿಸಿದ ವಿಜ್ಞಾನದ ಮಾಸ್ತರ ನಾನು. ಅಂಥವನಿಗೆ ಒಂದು ತಗಡಿನ ಗ್ಯಾರೇಜನ್ನು ತಂಪು ಮಾಡುವುದು ಯಾವ ದೊಡ್ಡ ಮಾತು! ಎ.ಸಿ. ಬೇಡ, ಕೂಲರ್ ಬೇಡ, ಬರೀ ಬುದ್ಧಿ ಸಾಕು. "ವಾರದಾಗ ಇದನ್ನ ಮಹಾಬಳೇಶ್ವರ ಮಾಡಿ ತೋರಸ್ತೀನಿ" ಎಂದು ಮನೆಯವರೆದುರು ಎದೆ ತಟ್ಟಿ ಹೇಳಿದೆ. ನಡುವೆ ಆಕಳಿಕೆ ಬಂದದ್ದರಿಂದ ಪ್ರತಿಜ್ಞೆಯ ಕೊನೆಯ ಭಾಗ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

ಆಕಳಿಕೆಗೆ ಕಾರಣವಿತ್ತು. ಮಗಳು ಐಶ್ವರ್ಯಾ ಬಾಣಂತನಕ್ಕೆಂದು ಬಂದಿದ್ದಳು. ಶಿವಬಸವ ನಗರದ ನಮ್ಮ ಮನೆಯಲ್ಲಿ ಇರುವುದು ಎರಡೇ ಕೋಣೆ. ಒಂದು ಬಾಣಂತಿಗೆ ಹೋಯಿತು, ಇನ್ನೊಂದು ಅವಳನ್ನು ನೋಡಲು ಬಂದು ಉಳಿಯುವವರಿಗೆ. ನಡುಮನೆಯಲ್ಲಿ ಮಲಗೋಣವೆಂದರೆ ಮೊಮ್ಮಗ ರಾತ್ರಿಯೆಲ್ಲ ಕಿರುಚುತ್ತಾನೆ, ಹಗಲು ಅವನು ಮಲಗಿದಾಗ ನಾನು ಕೆಮ್ಮುವಂತಿಲ್ಲ. ಬಾಣಂತಿಗೆ ಹಾಕುವ ಲೋಬಾನದ ಹೊಗೆಗೆ ಕೆಮ್ಮದೆ ಇರುವುದೂ ಸಾಧ್ಯವಿಲ್ಲ. ಕೊನೆಗೆ ನನ್ನ ಹೆಂಡತಿ ರೇಣವ್ವ ಕಾರನ್ನು ರಸ್ತೆಗೆ ನಿಲ್ಲಿಸಿ, ನನ್ನ ಮಂಚವನ್ನು ಗ್ಯಾರೇಜಿಗೆ ಹಾಕಿಸಿದಳು. ಮೇ ತಿಂಗಳು, ಮೇಲೆ ತಗಡು. ಮಧ್ಯಾಹ್ನ ಅಲ್ಲಿ ಮಲಗಿದರೆ ರೊಟ್ಟಿಯ ಹಾಗೆ ಒಂದು ಬದಿ ಬೆಂದ ಮೇಲೆ ಇನ್ನೊಂದು ಬದಿಗೆ ಹೊರಳಬೇಕಾಗುತ್ತಿತ್ತು. ನನಗೆ ಬೇಕಾದದ್ದು ಬಂಗಲೆಯಲ್ಲ, ಪದವಿಯಲ್ಲ. ಒಂದು ಮಧ್ಯಾಹ್ನದ ನಿದ್ದೆ ಬೇಕಾಗಿತ್ತು, ಅಷ್ಟೇ.

ಮೊದಲ ಪ್ರಯೋಗವಾಗಿ ಟೇಬಲ್ ಫ್ಯಾನಿನ ಮುಂದೆ ಹಸಿ ಗೋಣಿಚೀಲ ತೂಗುಹಾಕಿದೆ. ಗಾಳಿ ತಂಪಾಗಿ ಬಂತು, ಅದರ ಜೊತೆಗೆ ನೀರು ಸ್ವಿಚ್ಚಿನ ಕಡೆಗೂ ಹರಿಯಿತು. ರೇಣವ್ವ ಓಡಿ ಬಂದು ಮೇನ್ ಬಂದ್ ಮಾಡಿದಳು. "ನೀರಿಗೂ ಕರೆಂಟಿಗೂ ಗಂಟ ಹಾಕಬ್ಯಾಡ್ರಿ. ಒಂದ ಆರೈಕಿ ಮಾಡೂದ ಸಾಕಾಗೇತಿ ನನಗ" ಎಂದಳು. ಅಷ್ಟಕ್ಕೇ ಬಿಡದೆ ಮೂಲೆಯಲ್ಲಿದ್ದ ಪೆಟ್ರೋಲಿನ ಕ್ಯಾನು, ಹಳೇ ಬಣ್ಣದ ಡಬ್ಬಿ, ಟರ್ಪಂಟೈನ್ ಬಾಟಲಿ ಎಲ್ಲವನ್ನೂ ಹೊರಗೆ ಸಾಗಿಸಿದಳು. ಕಾದ ಗ್ಯಾರೇಜಿನಲ್ಲಿ ಅವುಗಳ ಮಗ್ಗುಲಿಗೇ ನಾನು ಇಷ್ಟು ದಿನ ಮಲಗಿದ್ದೆ ಎಂಬುದು ವಿಜ್ಞಾನದ ಮಾಸ್ತರನಿಗೆ ಹೊಳೆದಿರಲಿಲ್ಲ.

ಎರಡನೆಯದಾಗಿ ತಗಡಿಗೆ ಸುಣ್ಣ ಬಳಿದೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಇದು ಎಂಟನೆಯ ಇಯತ್ತೆಯ ಪಾಠ. ಮೊಳೆಯ ತೂತುಗಳಿಂದ ಸುಣ್ಣ ಹಾಸಿಗೆಯ ಮೇಲೆ ಸೋರುತ್ತದೆ ಎಂಬುದು ಆ ಪಾಠದಲ್ಲಿರಲಿಲ್ಲ. ಆದರೂ ಗುಣ ಕಂಡಿತು. ಮೂರನೆಯದಾಗಿ ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ವರ್ಷಗಟ್ಟಲೆ ಮುಚ್ಚಿಹೋಗಿದ್ದ ಗವಾಕ್ಷಿ ತೆರೆದು ತಂತಿಯ ಜಾಲರಿ ಬಡಿದೆ. ಬಿಸಿ ಗಾಳಿ ಮೇಲಿನಿಂದ ಹೋಗತೊಡಗಿತು, ಬಾಗಿಲ ಸಂದಿಯಿಂದ ತಂಗಾಳಿ ಬರತೊಡಗಿತು. ಬೆಂಕಿಯಲ್ಲಿದ್ದ ಗ್ಯಾರೇಜು ಬಾಣಲೆಗೆ ಇಳಿಯಿತು ಅನ್ನಿ.

ಆಗಲೇ ಖಾನಾಪುರದಿಂದ ರೇಣವ್ವನ ತಮ್ಮ ಬಂಡೆಪ್ಪ ಫೋನು ಮಾಡಿದ. ತನ್ನ ದನದ ಕೊಟ್ಟಿಗೆಯ ತಗಡಿನ ಮೇಲೆ ಭತ್ತದ ಹುಲ್ಲು ಹೊದಿಸಿ ನೀರು ಚಿಮುಕಿಸಿದ್ದಾನಂತೆ, ಎಮ್ಮೆಗಳು ಮಧ್ಯಾಹ್ನ ಗೊರಕೆ ಹೊಡೆಯುತ್ತವಂತೆ. ಎಮ್ಮೆಗಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಕೂಡಲೇ ಒಂದು ಟೆಂಪೋ ಹುಲ್ಲು ಕಳಿಸು ಎಂದೆ. ಒಣ ಹುಲ್ಲಿನ ಮೇಲೆ ಲಗ್ನದ ಮೆರವಣಿಗೆಯ ರಾಕೆಟ್ ಬಿದ್ದರೆ ಏನು ಗತಿ ಎಂದು ರೇಣವ್ವ ತಕರಾರು ತೆಗೆದಳು. ದಿನಾಲೂ ತೋಯಿಸಿಯೇ ಇಡುತ್ತೇನೆಂದು ಮಾತು ಕೊಟ್ಟೆ. ಬಂಡೆಪ್ಪ ಬಂದು ಏರಿಸಿಕೊಡುವವರೆಗೆ ಹುಲ್ಲು ಗ್ಯಾರೇಜಿನೊಳಗೇ ಇರಲಿ ಎಂದು ತೀರ್ಮಾನವಾಯಿತು.

ಇಲ್ಲಿಯೇ ನಾನು ಎಡವಿದ್ದು. ಆಕಳಿಲ್ಲದ, ಎಮ್ಮೆಯಿಲ್ಲದ ಮನೆಗೆ ಮೇ ತಿಂಗಳಲ್ಲಿ ಭತ್ತದ ಹುಲ್ಲು ಬಂದಿಳಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಆ ಮನೆಯವರು ಮಾವಿನಕಾಯಿ ಹಣ್ಣಿಗೆ ಹಾಕುತ್ತಾರೆ! ಟೆಂಪೋ ತಿರುಗಿ ಹೋಗುವಷ್ಟರಲ್ಲಿ ಪಕ್ಕದ ಮನೆಯ ಅನ್ವರಿಬಾಯಿ ಕಂಪೌಂಡಿನಾಚೆಯಿಂದ ಏನೋ ಕೇಳಿದರು. ನಾನು ಗೇಟಿಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದೆ. ತಲೆ ಕೆಳಗೆ ಬಿತ್ತು, ಮತ್ತೆ ಎದ್ದಿತು. ಅವರು ಅದನ್ನು ಒಪ್ಪಿಗೆ ಎಂದುಕೊಂಡರು.

ಸಂಜೆಗೆ ಖಾಸಬಾಗದ ಅವರ ತವರಿನಿಂದ ಬಂದ ಆಪೂಸ್ ಕಾಯಿಗಳ ಬುಟ್ಟಿಗಳು ನಮ್ಮ ಗ್ಯಾರೇಜಿನಲ್ಲಿದ್ದವು. ಅವನ್ನು ಕಂಡು ಎದುರು ಮನೆಯವರ ಪಾಯರಿ ಬಂತು, ಅದನ್ನು ಕಂಡು ಮೂಲೆ ಮನೆಯವರ ಗಾವರಾನ, ಅಂದರೆ ನಾಟಿ ಕಾಯಿ ಬಂತು. ನಾನು ರೇಣವ್ವನನ್ನು ಒಳಗೆ ಕರೆದು, ಇವನ್ನೆಲ್ಲ ವಾಪಸ್ ಕಳಿಸು, ಹುಲ್ಲು ತರಿಸಿದ್ದು ನನ್ನ ನಿದ್ದೆಗೆ ಎಂದೆ. ಅವಳು ಮಗುವಿನ ಲಂಗೋಟಿ ಮಡಚುವುದನ್ನು ನಿಲ್ಲಿಸಲೇ ಇಲ್ಲ.

"ಐಶ್ವರ್ಯಾ ದವಾಖಾನ್ಯಾಗ ಇದ್ದಾಗ ದಿನಾ ಡಬ್ಬಿ ತಂದಾವರು ಯಾರು?"

"ಅನ್ವರಿಬಾಯಿ."

"ಹಂಗಾರ ನೀವ ಹೋಗಿ ಹೇಳ್ರಿ, ಬುಟ್ಟಿ ತಗೊಂಡ ಹೋಗ್ರಿ ಅಂತ."

ನಾನು ಹೋಗಲಿಲ್ಲ. ಆ ಡಬ್ಬಿಯ ಅರ್ಧ ಊಟ ನನ್ನ ಹೊಟ್ಟೆಗೇ ಹೋಗಿತ್ತು, ಅಂಥ ಕೈಗೆ ಇಲ್ಲವೆನ್ನಲು ನನ್ನಿಂದ ಆಗಲಿಲ್ಲ.

ಮಾವಿನಕಾಯಿಗೆ ಗಾಳಿ ತಾಗಬಾರದಂತೆ. ಅನ್ವರಿಬಾಯಿ ಮತ್ತು ರೇಣವ್ವ ಸೇರಿ ನನ್ನ ಗವಾಕ್ಷಿಗೆ ಹಳೆಯ ಚಾದರ ತುರುಕಿದರು. ತಂಪು ತಾಗಬಾರದಂತೆ, ಫ್ಯಾನು ಹೊರಗೆ ಹೋಯಿತು. ಬಾಗಿಲ ಸಂದಿಗೆ ಗೋಣಿಚೀಲ ಬಂತು. ವಹನ, ಸಂವಹನ, ವಿಕಿರಣ ಮೂರನ್ನೂ ಇಬ್ಬರು ಹೆಂಗಸರು ಚಹಾ ಆರುವುದರೊಳಗೆ ಬಂದ್ ಮಾಡಿದರು. ಈಗ ನಮ್ಮ ಮನೆಯಲ್ಲಿ ಎರಡು ಬಾಣಂತನ. ಒಳಗೆ ಮಗಳನ್ನೂ ಮಗುವನ್ನೂ ಬೆಚ್ಚಗಿಟ್ಟು ನೋಡಿಕೊಳ್ಳಲು ರೇಣವ್ವ, ಹೊರಗೆ ಮಾವಿನಕಾಯಿಯನ್ನು ಬೆಚ್ಚಗಿಟ್ಟು ನೋಡಿಕೊಳ್ಳಲು ನಾನು. ಬೆಳಗೆದ್ದು ಹುಲ್ಲು ಸರಿಸಿ ಒಂದೊಂದನ್ನೂ ಹೊರಳಿಸಬೇಕು, ಮೂಸಬೇಕು, ಕೊಳೆತದ್ದನ್ನು ಬೇರೆ ಮಾಡಬೇಕು. ಅನ್ವರಿಬಾಯಿಯ ಆಪೂಸ್ ಮೂಲೆ ಮನೆಯ ಗಾವರಾನದೊಳಗೆ ಬೆರೆಯದಂತೆ ಕಾಯಬೇಕು. ಮಗುವನ್ನು ನೋಡಲು ಬಂದವರು ಮೊದಲು ಒಳಗೆ ಹೋಗಿ "ಚಲೋ ಮಲಗೇತಿ" ಅನ್ನುತ್ತಿದ್ದರು, ಆಮೇಲೆ ಗ್ಯಾರೇಜಿಗೆ ಬಂದು ಕಾಯಿ ಒತ್ತಿ ನೋಡಿ "ಇನ್ನೂ ಆಗಿಲ್ಲ" ಅನ್ನುತ್ತಿದ್ದರು. ನಾನು ಹೇಗಿದ್ದೇನೆಂದು ಒಬ್ಬರೂ ಕೇಳಲಿಲ್ಲ. ನಾನು ಹುಲ್ಲಿನ ಕಾವಿನಲ್ಲಿ, ಮಾವಿನ ವಾಸನೆಯಲ್ಲಿ, ಕಣ್ಣು ತೆರೆದುಕೊಂಡೇ ಬಿದ್ದಿರುತ್ತಿದ್ದೆ.

ಕೊನೆಗೆ ಹಣ್ಣಾದವು. ಎಲ್ಲರೂ ಬಂದು ತಮ್ಮ ತಮ್ಮ ಬುಟ್ಟಿ ತುಂಬಿಕೊಂಡು, ಮಾಸ್ತರರ ಗ್ಯಾರೇಜಿನ ಶಾಖದಂಥ ಶಾಖ ಎಲ್ಲೂ ಇಲ್ಲ ಎಂದು ಹೊಗಳಿ ಹೋದರು. ಕಡೆಯ ಬುಟ್ಟಿ ಗೇಟು ದಾಟುತ್ತಲೇ ನಾನು ಬಂಡೆಪ್ಪನನ್ನು ಕರೆಸಿದೆ. ಅವನಿಗೆ ನಾಷ್ಟಾ ಕೂಡ ಮಾಡಲು ಬಿಡದೆ ಹುಲ್ಲನ್ನು ತಗಡಿನ ಮೇಲೇರಿಸಿ, ಹಗ್ಗ ಬಿಗಿಸಿ, ಮೊಮ್ಮಗನ ಲಂಗೋಟಿ ಒಗೆದ ಕೊನೆಯ ನೀರನ್ನು ಅದರ ಮೇಲೆ ಹೊಡೆಸಿದೆ. ಚಾದರ ಕಿತ್ತು ಗವಾಕ್ಷಿ ತೆರೆದೆ. ಫ್ಯಾನನ್ನು ಒಣ ಜಾಗ ನೋಡಿ ಇಟ್ಟೆ. ನಿಜ ಹೇಳುತ್ತೇನೆ, ಗ್ಯಾರೇಜು ತಂಪಾಯಿತು. ನನಗೆ ಕಣ್ಣಲ್ಲಿ ನೀರು ಬಂತು. ಊಟ ಮಾಡಿ, ಮಡಿ ಚಾದರ ಹಾಸಿ, ಮೈ ಚಾಚಿದೆ. ರೆಪ್ಪೆ ಎರಡೂ ಒಂದಕ್ಕೊಂದು ಕೂಡುವುದರಲ್ಲಿದ್ದವು.

"ಮಾಸ್ತರ್ರ, ಎರಡನೇ ಸಲದ ಕಾಯಿ ಬಂದಾವ್ರಿ."

ಬಾಗಿಲಲ್ಲಿ ಅನ್ವರಿಬಾಯಿ, ಅವರ ಹಿಂದೆ ರೇಣವ್ವ, ಅವರಿಬ್ಬರ ನಡುವೆ ಒಂದು ಬುಟ್ಟಿ. ನಾನು ಎದ್ದು ಕುಳಿತೆ. ಜನ್ಮದಲ್ಲಿ ಮೊದಲ ಸಲ ಡಬ್ಬಿಯ ಋಣವನ್ನೂ ಮರೆತು ಧೈರ್ಯ ತಂದುಕೊಂಡೆ.

"ಇನ್ನ ಇಲ್ಲಿ ಕಾಯಿ ಹಣ್ಣ ಆಗೂದಿಲ್ಲ ಅನ್ವರಿಬಾಯಿ. ಒಳಗ ಬಂದು ನೋಡ್ರಿ, ಎಷ್ಟ ತಂಪ ಐತಿ."

ಅವರು ಒಳಗೆ ಬಂದರು. ಗೋಡೆಗೆ ಅಂಗೈ ಹಚ್ಚಿ ನೋಡಿದರು. ಗವಾಕ್ಷಿಯ ಕೆಳಗೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನಂತೆ ಕುಳಿತಿದ್ದೆ.

"ಖರೇನ ತಂಪ ಐತ್ರಿ" ಎಂದರು ಅನ್ವರಿಬಾಯಿ. ನನ್ನ ಎದೆ ಉಬ್ಬಿತು. ಅವರು ರೇಣವ್ವನ ಕಡೆ ತಿರುಗಿದರು. "ಅಕ್ಕಾರ, ಕಾಯಿ ಎಲ್ಲೆರೆ ಹಾಕೂಣು ಬಿಡ್ರಿ. ನನಗ ಮೊದಲಿನ ಹಣ್ಣಿನ ಚಿಂತಿ ಹತ್ತಿತ್ತು. ಫ್ರಿಜ್‌ನ್ಯಾಗ ಹಿಡಿಸವಲ್ಲವು, ಹೊರಗ ಇಟ್ಟರ ಈ ಶಕಿಗೆ ಕೊಳೀತಾವ. ಎಲ್ಲಾರ ಹಣ್ಣೂ ಇಲ್ಲೇ ಇಟ್ಟರ ಹೆಂಗ?"

ನಾನು ಆಸೆಯಿಂದ ರೇಣವ್ವನ ಮುಖ ನೋಡಿದೆ. ಅವಳು ಆಗಲೇ ಬಗ್ಗಿ ನನ್ನ ಮಂಚದ ಒಂದು ತುದಿ ಹಿಡಿದಿದ್ದಳು.

"ಆ ಕಡೆ ನೀವ ಹಿಡೀರಿ" ಎಂದು ನನಗೇ ಹೇಳಿದಳು.