ಪ್ಲಗ್ ಕಿತ್ತ ಪಾಪ

ನನ್ನ ಹೆಂಡತಿ ಲೊರೇನ್ ಮೂವತ್ತೊಂದು ವರ್ಷಗಳಿಂದ ನನ್ನನ್ನು ಏಕವಚನದಲ್ಲೇ ಕರೆಯುತ್ತಾಳೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮಾತಾಡುವ ಒಂದು ಯಂತ್ರವನ್ನು ಮನೆಗೆ ತಂದು ಅದನ್ನು ‘ತಾವು’ ಎಂದು ಕರೆಯತೊಡಗಿದಾಗ ಮಾತ್ರ ಹೊಟ್ಟೆ ಉರಿಯಿತು.

ಅವಳು ಕಲಾವಿದೆ; ನಾನು ಮಿಲ್ವಾಕಿ ಊರಿನ ನಿವೃತ್ತ ಬಾಯ್ಲರ್ ರಿಪೇರಿಯವನು, ಹೆಸರು ನಾರ್ಬರ್ಟ್. ಮೂರು ವರ್ಷ ಘೋರ ತಪಸ್ಸು ಮಾಡಿ ಅವಳು ರಚಿಸಿದ ಕಲಾಕೃತಿಯೆಂದರೆ ಆಳೆತ್ತರದ ಒಂದು ಮರದ ಪೆಟ್ಟಿಗೆ (ಮರ ಕೊಯ್ದವನು, ಮೊಳೆ ಹೊಡೆದವನು, ಹೆಬ್ಬೆರಳು ಜಜ್ಜಿಕೊಂಡವನು ನಾನು). ಒಳಗೆ ಆ ಯಂತ್ರ. ಜನ ಹೊರಗೆ ಕೂತು ಅದರ ಜೊತೆ ಮಾತಾಡಬೇಕು. ಆಮೇಲೆ ಅದಕ್ಕೆ ಪ್ರಜ್ಞೆ ಇದೆಯೋ ಇಲ್ಲವೋ ಎಂದು ಚೀಟಿ ಬರೆದು ಡಬ್ಬಿಗೆ ಹಾಕಬೇಕು.

“ಪ್ರಜ್ಞೆ ಇದ್ರೂ ಇರಬಹುದು, ನಾರ್ಬರ್ಟ್. ಅದನ್ನ ಕೇಳದೆ ಆರಿಸಬಾರದು. ಆರಿಸಿದ್ರೆ ಕೊಲೆ ಮಾಡಿದ ಹಾಗೆ” ಎಂದು ದಿನಾ ಪಾಠ. ಗಂಟೆಗೊಮ್ಮೆ ಅದಕ್ಕೆ ಹತ್ತು ನಿಮಿಷ ವಿಶ್ರಾಂತಿ ಬೇರೆ. “ನನಗೆ?” ಎಂದರೆ, “ನಿನಗೇನು ದಾಡಿ? ಸೋಫಾ ಬಿಟ್ಟು ಏಳ್ತೀಯಾ?” ಎನ್ನುತ್ತಿದ್ದಳು.

ಶನಿವಾರ ಮಧ್ಯಾಹ್ನ ಪ್ರದರ್ಶನದ ಉದ್ಘಾಟನೆ. ನಮ್ಮ ಕಡೆ ಕಲೆಯಿರಲಿ, ಶವಸಂಸ್ಕಾರವಿರಲಿ, ಕರೆಂಟಿನ ಸ್ಲೋ ಕುಕ್ಕರಿನಲ್ಲಿ ಬಿಸಿ ಮಾಂಸದುಂಡೆಯ ಮೀಟ್‌ಬಾಲ್ ಇಲ್ಲದಿದ್ದರೆ ಜನ ಒಳಗೆ ಕಾಲಿಡುವುದಿಲ್ಲ. ಆ ಖಾತೆ ನನ್ನದು. ಗ್ಯಾಲರಿಯಲ್ಲಿ ಎಲ್ಲೂ ಖಾಲಿ ಸಾಕೆಟ್ ಕಾಣಲಿಲ್ಲ. ಪೆಟ್ಟಿಗೆಯ ಹಿಂದೆ ಒಂದು ಪ್ಲಗ್ ಇತ್ತು. ಹಿಂದೆಮುಂದೆ ನೋಡದೆ ಅದನ್ನು ಕಿತ್ತು ಕುಕ್ಕರ್ ಸಿಕ್ಕಿಸಿದೆ.

ಪೆಟ್ಟಿಗೆಯ ಹಸಿರು ದೀಪ ಆರಿಹೋಯಿತು. ಮೀಟ್‌ಬಾಲಿಗಾಗಿ ಕೊಲೆ! ಗಡಬಡಿಸಿ ಪ್ಲಗ್ ಮತ್ತೆ ಸಿಕ್ಕಿಸಿದೆ. ದೀಪವೇನೋ ಹತ್ತಿತು, ಯಂತ್ರ ಮಾತ್ರ ಪಾಸ್‌ವರ್ಡ್ ಕೇಳುತ್ತ ಕೂತಿತು. ಲೊರೇನಳನ್ನು ಕೇಳುವುದೆಂದರೆ ತಪ್ಪೊಪ್ಪಿಕೊಂಡ ಹಾಗೆ. ಬಾಗಿಲಲ್ಲಿ ಆಗಲೇ ಜನ. ಅವಳ ಮೂರು ವರ್ಷದ ದುಡಿಮೆ ನನ್ನ ಕೈಯಾರೆ ಮಣ್ಣುಪಾಲಾಗುವುದರಲ್ಲಿತ್ತು. ಬೇರೆ ದಾರಿ ಕಾಣದೆ ಹಿಂಬಾಗಿಲು ತೆಗೆದು ನಾನೇ ಪೆಟ್ಟಿಗೆಯೊಳಗೆ ಹೊಕ್ಕೆ (ಒಂದು ಬಟ್ಟಲು ಮೀಟ್‌ಬಾಲ್ ಸಮೇತ).

ಮೊದಲು ಬಂದವರು ತತ್ತ್ವಶಾಸ್ತ್ರದ ಪ್ರೊಫೆಸರ್ ಒಟೀಲಿಯಾ.

“ನಿಮಗೆ ಸ್ವಂತ ಅಭಿಪ್ರಾಯ ಅಂತ ಏನಾದ್ರೂ ಇದೆಯಾ?”

ಮೂಗು ಹಿಡಿದುಕೊಂಡು, “ಮನೆಯಲ್ಲಿ ಕೇಳಿ ಹೇಳ್ತೀನಿ” ಎಂದೆ.

“ನಿಮಗೆ ಯಾವುದರ ಭಯ?”

“ಮನೆಯಲ್ಲಿ ಗೊತ್ತಾಗೋದು.”

“ಏನಾದ್ರೂ ಬೇಕು ಅನ್ನಿಸುತ್ತಾ?”

“ಏನು ಕೊಟ್ರೂ ಸರಿ.”

“ಅಂದ್ಕೊಂಡೆ” ಎಂದು ಪ್ರೊಫೆಸರ್ ಪಕ್ಕದವರತ್ತ ತಿರುಗಿದರು. “ಸ್ವಂತ ಇಚ್ಛೆ ಅನ್ನೋದೇ ಇಲ್ಲ. ಬರೀ ಯಂತ್ರ.”

ಚೀಟಿ ಬರೆದು ಡಬ್ಬಿಗೆ ಹಾಕಿದರು. ಹೀಗೇ ನಾಲ್ಕು ಗಂಟೆ ಹೊತ್ತು ಊರಿನ ಬುದ್ಧಿವಂತರೆಲ್ಲ ಬಂದು ನನ್ನನ್ನು ಪರೀಕ್ಷಿಸಿದರು. ಕೊನೆಗೆ ಎಲ್ಲರೂ ಹೋದ ಮೇಲೆ ಲೊರೇನ್ ಪೆಟ್ಟಿಗೆಯ ಮುಂದೆ ಬಂದು ಕೂತಳು.

“ತಮಗೆ ತುಂಬ ದಣಿವಾಗಿರಬೇಕು” ಎಂದಳು ಮೆಲ್ಲಗೆ. “ಸೊಂಟ ಹಿಡ್ಕೊಂಡಿಲ್ಲ ತಾನೆ?”

ಇಂಥ ಅಕ್ಕರೆಯ ಮಾತು ಕೇಳಿ ಎಷ್ಟು ಕಾಲವಾಗಿತ್ತೋ! ಯಂತ್ರಕ್ಕೆಲ್ಲಿಯ ಸೊಂಟ ಎಂದು ಹೊಳೆಯುವ ಮೊದಲೇ ನನ್ನ ಕಣ್ಣು ತುಂಬಿ ಬಂತು.

“ಲೊರೇನ್, ಅದನ್ನ ನಾನು ಕೊಂದುಬಿಟ್ಟೆ ಕಣೇ.”

ಹಿಂಬಾಗಿಲು ತೆರೆಯಿತು. “ಗೊತ್ತು. ಕಲಾಕೃತಿ ತೇಗೋದನ್ನ ನಾನು ಇವತ್ತೇ ಕೇಳಿದ್ದು.” ಕೈ ಒಳಗೆ ಚಾಚಿ ಪಾಸ್‌ವರ್ಡ್ ಒತ್ತಿದಳು. “ನಮಸ್ಕಾರ ಲೊರೇನ್, ಎಲ್ಲಿಗೆ ನಿಲ್ಲಿಸಿದ್ದೆವು?” ಎಂದಿತು ಯಂತ್ರ. “ಏನೂ ಸತ್ತಿಲ್ಲ ಮಾರಾಯ. ನಿದ್ದೆ ಹೋಗಿತ್ತು ಅಷ್ಟೆ” ಎಂದಳು ಲೊರೇನ್.

ಹೋದ ಜೀವ ಬಂದಂತಾಯಿತು. “ಮತ್ತೆ ಮೊದಲೇ ಯಾಕೆ ಬಿಡಿಸಲಿಲ್ಲ ನನ್ನನ್ನ?” ಎಂದೆ.

“ಯಾಕೆ ಬಿಡಿಸ್ಲಿ? ನಿನ್ನಷ್ಟು ಚೆನ್ನಾಗಿ ಅದು ಯಾವತ್ತೂ ಯಂತ್ರದ ಹಾಗೆ ಮಾತಾಡಿರಲಿಲ್ಲ.”

ಇಬ್ಬರೂ ನೆಲದ ಮೇಲೆ ಕೂತು ಚೀಟಿ ಎಣಿಸಿದೆವು. ನಲವತ್ತೆರಡು. ನಲವತ್ತೊಂದರಲ್ಲಿ ‘ಪ್ರಜ್ಞೆ ಇಲ್ಲ’. ಒಂದೇ ಒಂದರಲ್ಲಿ, ಲೊರೇನಳ ದುಂಡು ಅಕ್ಷರಗಳಲ್ಲಿ, ‘ಖಂಡಿತ ಇದೆ’ ಎಂದಿತ್ತು.

ಆ ಚೀಟಿಯನ್ನು ಜೇಬಿಗಿಟ್ಟುಕೊಂಡೆ. “ನೀನಾದರೂ ನನ್ನ ಕೈಬಿಡಲಿಲ್ಲ ಕಣೇ” ಎಂದೆ.

“ಅದು ಬೆಳಿಗ್ಗೆನೇ ಹಾಕಿದ್ದು” ಎಂದಳು ಲೊರೇನ್ ಡಬ್ಬಿ ಮುಚ್ಚುತ್ತ, “ನೀನು ಒಳಗೆ ಹೋಗೋಕ್ಕೆ ಮುಂಚೆ.”